ಮೊದಲ ಸಾಲು ಕೂತರೆ ಸಾಲದು

ಜನರ ಹಾಡಿನ ಸಂಗ್ರಹ ಜೋಡಿಸಿಕೊಡುವುದು ನನ್ನ ಕೆಲಸ. ಕ್ಯಾಸೆಟ್, ಸಿಡಿ, ಹಳೇ ಹಾರ್ಡ್ ಡಿಸ್ಕ್ ಏನೇ ಕೊಟ್ಟರೂ ಅದರಲ್ಲಿರುವ ಹಾಡುಗಳನ್ನು ಫೈಲ್ ಮಾಡಿ, ಹೆಸರಿಟ್ಟು, ಟ್ಯಾಗ್ (ಫೈಲಿನೊಳಗೇ ಬರೆದಿಡುವ ಹಾಡು, ಗಾಯಕರು, ಆಲ್ಬಮ್ಮಿನ ವಿವರ) ಹಾಕಿ ಒಪ್ಪಿಸುತ್ತೇನೆ. ಈಚೆಗೆ ಬರುವವರು ಇನ್ನೊಂದು ಕೇಳುತ್ತಾರೆ. "ಹಾಡು ಓಡ್ತಿದ್ದ ಹಾಗೇ ಸಾಹಿತ್ಯನೂ ಸಾಲುಸಾಲಾಗಿ ಬರ್ಬೇಕು ಸಾರ್." ಕೆಲವರು ತಾವೇ ಮಾಡಿ ನೋಡಿ, ಕೈಸೋತು ಬಂದಿರುತ್ತಾರೆ. ದೂರು ಮಾತ್ರ ಒಂದೇ. ಗಾಯಕಿ ಚರಣಕ್ಕೆ ಹೋಗಿಯಾಯ್ತು, ಸ್ಕ್ರೀನು ಇನ್ನೂ ಪಲ್ಲವಿಯಲ್ಲೇ ಕೂತಿದೆ.

ಅಂಥ ಫೈಲ್ ಕೈಗೆ ಬಂದರೆ ನಾನು ಒಂದು ಸಾಲನ್ನೂ ತಿದ್ದಲು ಹೋಗುವುದಿಲ್ಲ. ಮೊದಲ ಸಾಲು ಕೇಳುತ್ತೇನೆ, ಕೊನೆಯ ಸಾಲು ಕೇಳುತ್ತೇನೆ. ಎರಡೂ ಕಡೆ ಎಷ್ಟೆಷ್ಟು ತಪ್ಪಿದೆ ಅಂತ ಬರೆದುಕೊಳ್ಳುತ್ತೇನೆ. ಈ ಎರಡು ನಿಮಿಷ ಉಳಿಸಲು ಹೋಗಿ ಎರಡು ಸಂಜೆ ಕಳೆದುಕೊಂಡವರನ್ನು ನೋಡಿದ್ದೇನೆ.

ಯಾಕೆ ಅಂತ ಹೇಳುವ ಮೊದಲು ಫೈಲಿನ ಒಳಗೆ ಏನಿರುತ್ತೆ ನೋಡೋಣ. ಎಲ್‌ಆರ್‌ಸಿ ಅನ್ನುವುದು ಹಾಡಿನ ಸಾಲು, ಅದು ಬರುವ ಸಮಯ ಎರಡನ್ನೂ ಬರೆದಿಟ್ಟ ಬರೀ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆದರೆ ಹೀಗಿರುತ್ತದೆ:

[00:21.40]ಪಲ್ಲವಿಯ ಮೊದಲ ಸಾಲು
[00:26.15]ಪಲ್ಲವಿಯ ಎರಡನೇ ಸಾಲು
[00:31.80]
[00:58.20]ಚರಣದ ಮೊದಲ ಸಾಲು

ಚೌಕದ ಒಳಗೆ ನಿಮಿಷ, ಸೆಕೆಂಡು, ಚುಕ್ಕಿಯ ಆಚೆ ಸೆಕೆಂಡಿನ ನೂರನೇ ಭಾಗ. ಆ ಹೊತ್ತಿಗೆ ಪ್ಲೇಯರ್ ಆ ಸಾಲನ್ನು ತೋರಿಸುತ್ತದೆ, ಅಷ್ಟೇ. ಮೂರನೇ ಸಾಲು ಖಾಲಿ ಇದೆ ನೋಡಿ. ಅದು ತಪ್ಪಲ್ಲ, ಬೇಕೆಂದೇ ಇಟ್ಟದ್ದು. ಅಲ್ಲಿಂದ ಇಪ್ಪತ್ತಾರು ಸೆಕೆಂಡು ಬರೀ ವಾದ್ಯ. ಖಾಲಿ ಸಾಲು ಇಲ್ಲದಿದ್ದರೆ ಪಲ್ಲವಿಯ ಎರಡನೇ ಸಾಲು ಅಷ್ಟು ಹೊತ್ತೂ ಹಾಗೇ ಉರಿಯುತ್ತಿರುತ್ತದೆ. ಜೊತೆಗೆ ಹಾಡುವವರು ದಾರಿ ತಪ್ಪುವುದು ಜಾಸ್ತಿ ಇಲ್ಲೇ.

ಈಗ ಆ ಎರಡು ಸಾಲಿನ ಪರೀಕ್ಷೆಗೆ ಬರೋಣ. ಮೊದಲ ಸಾಲು ಎರಡು ಸೆಕೆಂಡು ಬೇಗ ಬಂತು, ಕೊನೆಯದೂ ಎರಡೇ ಸೆಕೆಂಡು ಬೇಗ ಬಂತು ಅಂದರೆ ನೀವು ಬಚಾವ್. ನಿಮ್ಮ ಫೈಲಿನ ಶುರುವಿನಲ್ಲಿ ಎರಡು ಸೆಕೆಂಡು ಮೌನ ಜಾಸ್ತಿ ಇದೆ. ಎಲ್ಲ ಸಮಯವನ್ನೂ ಒಟ್ಟಿಗೆ ಎರಡು ಸೆಕೆಂಡು ಮುಂದಕ್ಕೆ ತಳ್ಳಿದರೆ ಮುಗಿಯಿತು. ಇದಕ್ಕೆ ಫೈಲಿನ ತಲೆಯಲ್ಲಿ ಆಫ್‌ಸೆಟ್ ಅಂತ ಒಂದು ಸಾಲು ಬರೆಯುವ ಪದ್ಧತಿಯೂ ಇದೆ. ಲೆಕ್ಕ ಮಿಲಿಸೆಕೆಂಡಿನಲ್ಲಿ. ಪ್ಲಸ್ ಹಾಕಿದರೆ ಸಾಲು ಬೇಗ ಬರಬೇಕು, ಮೈನಸ್ ಹಾಕಿದರೆ ತಡವಾಗಿ. "ಬರಬೇಕು" ಅಂದೆ ಯಾಕೆಂದರೆ ಕೆಲವು ಪ್ಲೇಯರ್‌ಗಳು ಇದನ್ನು ಉಲ್ಟಾ ಓದುತ್ತವೆ, ಕೆಲವು ಓದುವುದೇ ಇಲ್ಲ. ನಾನು ಆಫ್‌ಸೆಟ್ ಬಳಸುವುದಿಲ್ಲ. ಸಮಯಗಳನ್ನೇ ಬದಲಿಸಿಬಿಡುತ್ತೇನೆ.

ಅರ್ಧದವರೆಗೆ ಸರಿಯಾಗಿದ್ದು, ಒಂದು ಜಾಗದಿಂದಾಚೆಗೆ ಇದ್ದಕ್ಕಿದ್ದಂತೆ ತಪ್ಪಿತು ಅಂದರೆ ಅದು ಬೇರೆ ಆವೃತ್ತಿ. ಎಲ್ಲೋ ವಾದ್ಯದ ಭಾಗ ಕತ್ತರಿಸಿದ್ದಾರೆ, ಇಲ್ಲ ಪಲ್ಲವಿ ಒಂದು ಸಲ ಜಾಸ್ತಿ ಹಾಡಿದ್ದಾರೆ. ಆ ಜಾಗದಿಂದ ಕೆಳಗಿನದನ್ನು ಮಾತ್ರ ಸರಿಸಬೇಕು.

ಜನರನ್ನು ಗೋಳು ಹೊಯ್ದುಕೊಳ್ಳುವುದು ಮೂರನೆಯದು. ಮೊದಲ ಸಾಲಿನಲ್ಲಿ ತಪ್ಪು ಸ್ವಲ್ಪವೇ, ಹೋಗ್ತಾ ಹೋಗ್ತಾ ಜಾಸ್ತಿ. ಹೋದ ತಿಂಗಳು ಒಬ್ಬರು ತಂದ ಹಾಡು ಹೀಗಿತ್ತು. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಸಾಹಿತ್ಯದ ಫೈಲಿನಲ್ಲಿ ಮೊದಲ ಸಾಲು 00:20.00, ಕೊನೆಯದು 04:20.00. ಹಾಡಿನಲ್ಲಿ ಕೇಳಿದರೆ ಮೊದಲನೆಯದು 00:21.00, ಕೊನೆಯದು 04:23.40. ಫೈಲಿನ ಪ್ರಕಾರ ನಡುವೆ 240 ಸೆಕೆಂಡು, ಕಿವಿಯ ಪ್ರಕಾರ 242.40. ಭಾಗಿಸಿದರೆ 1.01. ಅಂದರೆ ಅವರ ಹಾಡು ಶೇಕಡಾ 1ರಷ್ಟು ನಿಧಾನ ಓಡುತ್ತಿದೆ. ಅದು ಕ್ಯಾಸೆಟ್ಟಿನಿಂದ ಇಳಿಸಿದ ಹಾಡು. ಟೇಪ್ ಡೆಕ್ಕಿನ ವೇಗ ಒಂಚೂರು ಹೆಚ್ಚುಕಮ್ಮಿ ಆದರೂ ಸಾಕು. ಕಿವಿಗೆ ಏನೂ ಗೊತ್ತಾಗುವುದಿಲ್ಲ, ಸಾಹಿತ್ಯಕ್ಕೆ ಗೊತ್ತಾಗುತ್ತದೆ.

ಅವರು ಏನು ಮಾಡಿದ್ದರು ಗೊತ್ತಾ? ಮೊದಲ ಸಾಲು ಕೂರಲಿ ಅಂತ ಎಲ್ಲವನ್ನೂ ಒಂದು ಸೆಕೆಂಡು ತಳ್ಳಿದ್ದರು. ಮೊದಲನೆಯದು ಕೂತಿತು. ಹಾಡಿನ ನಡುವೆ 1.2 ಸೆಕೆಂಡು ತಪ್ಪು, ಕೊನೆಯಲ್ಲಿ 2.4 ಸೆಕೆಂಡು. ಆಮೇಲೆ ಒಂದೊಂದೇ ಸಾಲು ತಿದ್ದಲು ಕೂತಿದ್ದಾರೆ. ಇಲ್ಲಿ ಬೇಕಿದ್ದದ್ದು ತಳ್ಳುವುದಲ್ಲ, ಎಳೆಯುವುದು. ರಬ್ಬರ್ ಬ್ಯಾಂಡಿನ ಎರಡು ತುದಿ ಹಿಡಿದು ಎಳೆದ ಹಾಗೆ. ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ತಂತ್ರಾಂಶ ಇದೆ. ಹೆಸರೇ ಹೇಳುವಂತೆ ಅದು ಸಿನಿಮಾ ಸಬ್‌ಟೈಟಲ್‌ಗೆ ಮಾಡಿದ್ದು, ಆದರೆ ಎಲ್‌ಆರ್‌ಸಿ ಫೈಲನ್ನೂ ತೆರೆಯುತ್ತದೆ. ಅದರ ಪಾಯಿಂಟ್ ಸಿಂಕ್‌ನಲ್ಲಿ ಮೊದಲ ಸಾಲಿನ ಮತ್ತು ಕೊನೆಯ ಸಾಲಿನ ನಿಜವಾದ ಸಮಯ ಕೊಡಿ. ನಡುವಿನ ಸಾಲುಗಳೆಲ್ಲ ತಾವೇ ಜಾಗಕ್ಕೆ ಬರುತ್ತವೆ. 02:20.00 ಇದ್ದ ಸಾಲು 02:22.20ಕ್ಕೆ ಹೋಗಿ ಕೂರುತ್ತದೆ.

ಡಿವಿಡಿಯಿಂದ ಇಳಿಸಿದ ಸಿನಿಮಾ ಹಾಡುಗಳಲ್ಲೂ ಇದೇ ಕಾಟ, ಆದರೆ ದೊಡ್ಡ ಪ್ರಮಾಣದಲ್ಲಿ. ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದ ಸಿನಿಮಾವನ್ನು ಪಾಲ್ ಅನ್ನುವ ಟಿವಿ ಮಾದರಿಯ ಡಿವಿಡಿಯಲ್ಲಿ ಸಾಮಾನ್ಯವಾಗಿ 25ರಲ್ಲಿ ಓಡಿಸುತ್ತಾರೆ. ನಾಲ್ಕು ನಿಮಿಷದ ಹಾಡು ಹತ್ತಿರ ಹತ್ತಿರ ಹತ್ತು ಸೆಕೆಂಡು ಬೇಗ ಮುಗಿಯುತ್ತದೆ.

ಇನ್ನೊಂದು ಮೋಸ ಇದೆ. ಹಾಡನ್ನು ಶುರುವಿನಿಂದ ಕೇಳಿದರೆ ಎಲ್ಲ ಸರಿ, ನಡುವಿಗೆ ಹಾರಿಸಿದರೆ ಮಾತ್ರ ಸಾಹಿತ್ಯ ತಪ್ಪುತ್ತದೆ. ಇಲ್ಲಿ ಸಾಹಿತ್ಯದ ತಪ್ಪೇನೂ ಇಲ್ಲ. ಅದು ವಿಬಿಆರ್ ಎಂಪಿ3 (ಪ್ರತಿ ಸೆಕೆಂಡಿಗೆ ಬಳಸುವ ಡೇಟಾ ಹೆಚ್ಚುಕಮ್ಮಿ ಆಗುವ ಫೈಲ್), ಒಳಗೆ ಇರಬೇಕಾದ ಸಮಯದ ಕೋಷ್ಟಕ ಇಲ್ಲ. ತಾನು ಎಲ್ಲಿದ್ದೇನೆ ಅಂತ ಪ್ಲೇಯರ್ ಅಂದಾಜಿನ ಮೇಲೆ ಹೇಳುತ್ತದೆ. ಅದಕ್ಕೇ ಹಾಡನ್ನು ಹಾರಿಸಿ ಎರಡು ಸಾಲಿನ ಪರೀಕ್ಷೆ ಮಾಡಿದಾಗ ಅನುಮಾನ ಬಂದರೆ, ಒಂದು ಸಲ ಪೂರ್ತಿ ಕೇಳಿ.

ಇಷ್ಟೆಲ್ಲ ತಲೆನೋವು ಬರುವುದೇ ಬೇರೆಯವರ ಫೈಲಿಗೆ ಮಾಡಿದ ಸಾಹಿತ್ಯವನ್ನು ನಮ್ಮ ಫೈಲಿಗೆ ತೊಡಿಸುವುದರಿಂದ. ಹಾಗಂತ ಎಲ್ಲವನ್ನೂ ಕೈಯಲ್ಲೇ ಮಾಡಲು ಆಗುತ್ತಾ? ಎಲ್‌ಆರ್‌ಸಿಲಿಬ್ ಅನ್ನುವ ಮುಕ್ತ ಭಂಡಾರದಲ್ಲಿ ಹುಡುಕಿ, ಸಿಕ್ಕಿದ್ದನ್ನು ತೆಗೆದುಕೊಳ್ಳಿ. ಎಲ್‌ಆರ್‌ಸಿಗೆಟ್ ಅನ್ನುವ ತಂತ್ರಾಂಶ ಇಡೀ ಫೋಲ್ಡರನ್ನು ಒಂದೇ ಸಲ ಜಾಲಾಡುತ್ತದೆ. ಹಾಡಿನ ಹೆಸರು, ಗಾಯಕರು, ಆಲ್ಬಮ್ ಜೊತೆಗೆ ಹಾಡಿನ ಉದ್ದವನ್ನೂ ಅದು ತಾಳೆ ನೋಡುತ್ತದೆ. ಎರಡು ಸೆಕೆಂಡಿನ ಒಳಗೆ ವ್ಯತ್ಯಾಸ ಇದ್ದರೆ ಮಾತ್ರ ಒಪ್ಪುತ್ತದೆ. ಟ್ಯಾಗ್ ಸರಿ ಇಲ್ಲದ ಸಂಗ್ರಹಕ್ಕೆ ಇದರಿಂದ ಏನೂ ಸಿಗುವುದಿಲ್ಲ. ಮೊದಲು ಟ್ಯಾಗ್, ಆಮೇಲೆ ಸಾಹಿತ್ಯ.

ಸಿಗದ ಹಾಡಿಗೆ ನಾವೇ ತಾಳ ಹಾಕಬೇಕು. ಹಾಡು ಓಡಿಸಿ, ಪ್ರತಿ ಸಾಲು ಶುರುವಾದಾಗ ಒಂದು ಕೀ ಒತ್ತುತ್ತಾ ಹೋಗುವುದು. ಇದರಲ್ಲಿ ನಾನೇ ಒಮ್ಮೆ ಪೆಟ್ಟು ತಿಂದೆ. ಆರಾಮಾಗಿ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಒಂದು ಪೂರ್ತಿ ಆಲ್ಬಮ್ ಒತ್ತಿ ಮುಗಿಸಿದೆ. ವೈರಿನ ಸ್ಪೀಕರಿಗೆ ಹಾಕಿ ನೋಡಿದರೆ ಎಲ್ಲ ಸಾಲೂ ಒಂದು ಎಳೆ ತಡ. ಬ್ಲೂಟೂತ್‌ನಲ್ಲಿ ಶಬ್ದ ಕಿವಿಗೆ ಬರುವುದೇ ತಡವಾಗಿ. ನಾನು ಅದಕ್ಕೆ ತಕ್ಕಂತೆ ತಡವಾಗಿ ಒತ್ತಿದ್ದೆ. ಈಗ ವೈರಿನದೇ. ಒತ್ತುವ ಮೊದಲು ಹಾಡನ್ನು ಎರಡು ಸಲ ಸುಮ್ನೆ ಕೇಳುತ್ತೇನೆ. ಬಾಯಿಗೆ ಬಂದ ಸಾಲಾದರೆ ಬೆರಳು ದನಿಯ ಜೊತೆಗೇ ಬೀಳುತ್ತದೆ, ಇಲ್ಲದಿದ್ದರೆ ದನಿ ಕೇಳಿದ ಮೇಲೆ ಬೀಳುತ್ತದೆ. ಎಲ್ಲ ಮುಗಿದ ಮೇಲೆ ಇಡೀ ಫೈಲನ್ನು 0.30 ಸೆಕೆಂಡು ಹಿಂದಕ್ಕೆ ಎಳೆಯುತ್ತೇನೆ. ಜೊತೆಗೆ ಹಾಡುವವರಿಗೆ ಸಾಲು ದನಿಗಿಂತ ಒಂಚೂರು ಮುಂಚೆ ಕಾಣಬೇಕು. ಇದು ನನ್ನ ಅಭ್ಯಾಸ, ನಿಯಮ ಅಲ್ಲ.

ಕರೋಕೆ ಥರ ಪದಪದವೂ ಬಣ್ಣ ಬದಲಿಸಬೇಕು ಅಂತ ಕೆಲವರಿಗೆ ಆಸೆ. ಸಾಲಿನ ಒಳಗೂ ಸಮಯ ತುಂಬುವ ವಿಸ್ತರಿತ ಎಲ್‌ಆರ್‌ಸಿ ಇದಕ್ಕೇ ಇದೆ. ಆದರೆ ಕನ್ನಡದಲ್ಲಿ ಪದವನ್ನು ಒಡೆಯಲು ಹೋದರೆ ಜೋಪಾನ. "ಕನ್ನಡ" ಅನ್ನುವುದನ್ನೇ ತಗೊಳ್ಳಿ. ಹಾಡುವಾಗ ಕನ್-ನ-ಡ ಅಂತ ಒಡೆಯುತ್ತದೆ. ಬರವಣಿಗೆಯಲ್ಲಿ "ನ್ನ" ಒಂದೇ ಅಕ್ಷರ. ಕಿವಿಯ ಮಾತು ಕೇಳಿ ಆ ಒತ್ತಕ್ಷರದ ನಡುವೆ ಸಮಯ ತುರುಕಿದರೆ ಸ್ಕ್ರೀನಿನ ಮೇಲೆ "ಕನ್ ನಡ" ಅಂತ ಮುರಿದು ಬೀಳುತ್ತದೆ. ಒಡೆಯಲೇಬೇಕಾದರೆ ಕ, ನ್ನ, ಡ ಅಂತ ಅಕ್ಷರದ ಗಡಿಯಲ್ಲಿ ಒಡೆಯಿರಿ. ನನ್ನನ್ನು ಕೇಳಿದರೆ ಸಾಲಿನ ಮಟ್ಟಕ್ಕೇ ನಿಲ್ಲಿಸುವುದು ವಾಸಿ.

ಫೈಲನ್ನು ಉಳಿಸುವಾಗ ಅಕ್ಷರಗಳನ್ನು ಬರೆದಿಡುವ ಕ್ರಮ, ಅಂದರೆ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಆನ್ಸಿ ಅಂತ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ, ವಾಪಸ್ ಬರುವುದಿಲ್ಲ. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಸಾಹಿತ್ಯವನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ.

ಎಲ್ಲಿಡಬೇಕು? ಹಾಡಿನ ಪಕ್ಕದಲ್ಲೇ, ಅದೇ ಹೆಸರಿನಲ್ಲಿ, ಬೇರೆ ಫೈಲಾಗಿ ಇಡಬಹುದು. ಇಲ್ಲವೇ ಹಾಡಿನ ಟ್ಯಾಗಿನೊಳಗೇ ಸೇರಿಸಬಹುದು. ಎಂಪಿ3ಯಲ್ಲಿ ಸಮಯವಿರುವ ಸಾಹಿತ್ಯಕ್ಕೆಂದೇ ಎಸ್‌ವೈಎಲ್‌ಟಿ ಅನ್ನುವ ಜಾಗ ಇದೆ, ಆದರೆ ಓದುವ ಪ್ಲೇಯರ್‌ಗಳು ಕಡಿಮೆ. ಮಾಮೂಲಿ ಸಾಹಿತ್ಯದ ಜಾಗಕ್ಕೇ ಎಲ್‌ಆರ್‌ಸಿ ಪಠ್ಯವನ್ನು ಹಾಗೇ ಅಂಟಿಸುವುದು ರೂಢಿ. ನಾನು ಪಕ್ಕದ ಫೈಲನ್ನೇ ಮೂಲ ಅಂತ ಇಟ್ಟುಕೊಳ್ಳುತ್ತೇನೆ. ಟ್ಯಾಗಿನೊಳಗೆ ಒಂದು ಅಕ್ಷರ ತಿದ್ದಿದರೂ ಹಾಡಿನ ಫೈಲೇ ಬದಲಾದ ಲೆಕ್ಕ. ಎಷ್ಟೋ ಬ್ಯಾಕಪ್ ವ್ಯವಸ್ಥೆಗಳು ಇಡೀ ಹಾಡನ್ನು ಮತ್ತೆ ಕಾಪಿ ಮಾಡುತ್ತವೆ. ಫೋನಿನ ಪ್ಲೇಯರ್ ಪಕ್ಕದ ಫೈಲನ್ನು ನೋಡುವುದೇ ಇಲ್ಲ ಅಂದರೆ ಫೋನಿಗೆ ಹಾಕುವ ಪ್ರತಿಯಲ್ಲಿ ಮಾತ್ರ ಒಳಗೆ ಸೇರಿಸಿ.

ಪಕ್ಕದ ಫೈಲ್ ಇಟ್ಟೂ ಸಾಹಿತ್ಯ ಬರುತ್ತಿಲ್ಲ ಅಂತ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು, ವಿಂಡೋಸ್‌ನಲ್ಲಿ ಫೈಲಿನ ಪೂರ್ತಿ ಹೆಸರು ಕಾಣುವ ಹಾಗೆ ಮಾಡಿ ಅಂತ. ಎಷ್ಟೋ ಸಲ ಎಲ್‌ಆರ್‌ಸಿಯ ಹಿಂದೆ ನೋಟ್‌ಪ್ಯಾಡ್ ಸೇರಿಸಿದ ಇನ್ನೊಂದು ಟಿಎಕ್ಸ್‌ಟಿ (.lrc.txt) ಅಡಗಿ ಕೂತಿರುತ್ತದೆ.