ನಾಸಾ 7009: ವ್ಯಾಲಿಡೇಟ್ ಆದ ಮಾಡೆಲ್ ಯಾವುದಕ್ಕೆ ವ್ಯಾಲಿಡೇಟ್ ಆಗಿದೆ?

ನಾಸಾ 7009 ಎಂದರೆ ಕಂಪ್ಯೂಟರ್ ಮಾಡೆಲ್ ಒಂದನ್ನು ಎಷ್ಟು ನಂಬಬಹುದು ಎಂದು ಅಳೆಯುವ ನಾಸಾದ ಮಾನದಂಡ. ಅದರಲ್ಲಿ ವೆರಿಫಿಕೇಶನ್ ಎಂದರೆ ಮಾಡೆಲಿನ ಕೋಡ್ ಲೆಕ್ಕವನ್ನು ಸರಿಯಾಗಿ ಬಿಡಿಸುತ್ತಿದೆಯಾ ಎಂದು ನೋಡುವುದು. ವ್ಯಾಲಿಡೇಶನ್ ಎಂದರೆ ಉತ್ತರ ನಿಜವಾದ ಪರೀಕ್ಷೆಗೆ ಹೊಂದುತ್ತಿದೆಯಾ ಎಂದು ನೋಡುವುದು. ಇಲ್ಲಿಯವರೆಗೆ ಸುಲಭ. ನನ್ನ ತಲೆ ತಿಂದದ್ದು ಇದರ ನಂತರದ್ದು.

ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಜನವರಿ 16ರಂದು ಹಾರಿತಲ್ವಾ, ಸುಮಾರು 82 ಸೆಕೆಂಡಿನಲ್ಲಿ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಿತ್ತುಬಂದು ಎಡ ರೆಕ್ಕೆಗೆ ಬಡಿಯಿತು. ಪೆಟ್ಟಿನ ಆಳ ತಿಳಿಯಲು ಇಂಜಿನಿಯರುಗಳು 'ಕ್ರೇಟರ್' ಎಂಬ ಮಾಡೆಲ್ ಓಡಿಸಿದರು. ಅದು ಸುಮ್ನೆ ಊಹೆಯ ಮಾಡೆಲ್ ಅಲ್ಲ, ಪರೀಕ್ಷೆಯ ಅಂಕಿಗಳ ಮೇಲೆ ಕಟ್ಟಿದ್ದು. ಆದರೆ ಪರೀಕ್ಷೆಯಲ್ಲಿ ಹೊಡೆದ ತುಂಡು 3 ಘನ ಇಂಚು, ಈ ಸಲದ್ದು 1920 ಎಂದು ಅವರದೇ ಸ್ಲೈಡಿನ ತೀರ ಕೆಳಗೆ ಬರೆದಿತ್ತು.

ಈಗ ಸಿಕ್ಕಿಕೊಳ್ಳುವ ಜಾಗ. ನೌಕೆಯನ್ನು ಶಾಖದಿಂದ ಕಾಯುವ ಹೆಂಚು ತೂತಾಗುವಷ್ಟು ಆಳ ಹೋಗಬಹುದು ಎಂದೇ ಕ್ರೇಟರ್ ಹೇಳಿತ್ತು! ಸಣ್ಣ ತುಂಡುಗಳ ಪರೀಕ್ಷೆಯಲ್ಲಿ ಕ್ರೇಟರ್ ನಿಜಕ್ಕಿಂತ ಜಾಸ್ತಿ ಆಳ ತೋರಿಸುತ್ತಿತ್ತು, ಹಾಗಾಗಿ ಇಲ್ಲೂ ಅಷ್ಟು ಆಗಿರಲಿಕ್ಕಿಲ್ಲ ಎಂದುಕೊಂಡರು. ಅಂದರೆ ಪರೀಕ್ಷೆಯ ವ್ಯಾಪ್ತಿ ದಾಟಿದಾಗ ಕೈಬಿಡುವುದು ಮಾಡೆಲಿನ ಉತ್ತರ ಮಾತ್ರವಲ್ಲ, ಮಾಡೆಲ್ ಯಾವ ಕಡೆಗೆ ತಪ್ಪುತ್ತದೆ ಎಂಬ ನಮ್ಮ ತಿಳಿವಳಿಕೆಯೂ ಕೈಬಿಡುತ್ತದೆ. 'ಇದು ಯಾವಾಗಲೂ ಜಾಸ್ತಿನೇ ತೋರಿಸುತ್ತೆ' ಎಂಬ ಮಾತಿಗೂ ಅದೇ 3 ಘನ ಇಂಚಿನ ಬೇಲಿ ಇದೆ. ಇದನ್ನು ಎರಡು ಸಲ ಓದಿ. ಅದೂ ಅಲ್ಲದೆ ಕ್ರೇಟರ್ ಇದ್ದದ್ದು ಹೆಂಚಿಗೆ, ಪೆಟ್ಟು ಬಿದ್ದದ್ದು ರೆಕ್ಕೆಯ ಮುಂಅಂಚಿನ ಕಾರ್ಬನ್ ಫಲಕಕ್ಕೆ. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಒಡೆದು ಏಳೂ ಜನ ಹೋದರು.

ಈ ದುರಂತದ ತನಿಖೆಯ ನಂತರ, 2008ರಲ್ಲಿ ನಾಸಾ-ಎಸ್‌ಟಿಡಿ-7009 ಬಂತು. ವೆರಿಫಿಕೇಶನ್, ವ್ಯಾಲಿಡೇಶನ್, ಇನ್‌ಪುಟ್ ಎಲ್ಲಿಂದ ಬಂತು, ಉತ್ತರದ ಅನಿಶ್ಚಿತತೆ, ಓಡಿಸಿದವರ ಅನುಭವ, ಹೀಗೆ ಅದರ ಮೊದಲ ಆವೃತ್ತಿಯಲ್ಲಿ ಎಂಟು ಅಂಶಗಳಿಗೆ 0ಯಿಂದ 4ರ ತನಕ ಅಂಕ ಇತ್ತು. ಅಲ್ಲಿ ಒಟ್ಟು ಅಂಕ ಎಂದರೆ ಎಂಟರಲ್ಲಿ ತೀರ ಕಡಿಮೆಯದು, ಸರಾಸರಿ ಅಲ್ಲ. ಏಳಕ್ಕೆ 3, ವ್ಯಾಲಿಡೇಶನ್‌ಗೆ 1 ಬಂತು ಎನ್ನಿ. ಸರಾಸರಿ 2.75, ನೋಡಲು ಚೆನ್ನಾಗಿದೆ. ಆ ಆವೃತ್ತಿಯ ಲೆಕ್ಕದಲ್ಲಿ ಅದು 1.

ನನ್ನ ಶಾರ್ಟ್‌ಕಟ್: ಪ್ರತಿ ಇನ್‌ಪುಟ್ ಪಕ್ಕದಲ್ಲಿ ಎರಡು ಕಾಲಂ ಹಾಕಿ, ಪರೀಕ್ಷೆ ಆದ ವ್ಯಾಪ್ತಿ ಒಂದರಲ್ಲಿ, ನಮ್ಮ ಬೆಲೆ ಇನ್ನೊಂದರಲ್ಲಿ. ಪೈಪಿನ ಮಾಡೆಲ್ ರೆನಾಲ್ಡ್ಸ್ ಸಂಖ್ಯೆ (ಹರಿವಿನ ವೇಗ, ಪೈಪಿನ ಅಗಲ, ದ್ರವದ ಗುಣ ಸೇರಿಸಿ ಹರಿವು ಎಂಥದ್ದು ಎಂದು ಹೇಳುವ ಸಂಖ್ಯೆ) 50,000ದ ತನಕ ಪರೀಕ್ಷೆ ಆಗಿದ್ದು ನಮ್ಮದು 2 ಲಕ್ಷ ಇದ್ದರೆ, ಉತ್ತರದ ಬಣ್ಣಬಣ್ಣದ ಚಿತ್ರ ತೆರೆಯುವ ಮೊದಲೇ ಆ ಸಾಲಿಗೆ ಕೆಂಪು ಗೆರೆ ಎಳೆದು, ಅದನ್ನು ವರದಿಯ ಮೊದಲ ಪುಟಕ್ಕೆ ಹಾಕಿ.