ನಲವತ್ತನಾಲ್ಕರಲ್ಲಿ ಪಿಎಚ್‌.ಡಿ. ಏಕೆ?

ಸಂದರ್ಶನ ಸಮಿತಿಯ ಹಿರಿಯರೊಬ್ಬರು ನನ್ನ ಜನ್ಮದಿನಾಂಕದ ಮೇಲೆ ಬೆರಳಿಟ್ಟು ಕೇಳಿದರು: ‘ಇಷ್ಟು ವರ್ಷ ಪಾಠ ಮಾಡಿದ್ದೀರಿ. 44ನೇ ವಯಸ್ಸಿನಲ್ಲಿ ಕಂಪ್ಯೂಟರ್ ವಿಜ್ಞಾನದ ಪಿಎಚ್‌.ಡಿ. ಏಕೆ?’ ಸಂಶೋಧನೆಯ ವಿಷಯ ವಿವರಿಸಿ ಹೊರಬಂದೆ. ರಾಯಚೂರು ಬಸ್ ನಿಲ್ದಾಣದಲ್ಲಿ ಸಿಂಧನೂರಿನ ಬಸ್ ಹತ್ತಿ ಕುಳಿತ ಮೇಲೆ, ಹೇಳಿದ್ದು ಅರ್ಧ ಉತ್ತರ ಎನಿಸಿತು. ಉಳಿದರ್ಧ ನನ್ನೊಬ್ಬನದಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಪದವಿ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಓರಗೆಯ ಅನೇಕರದು.

ನನ್ನಂತೆ ಅವರಲ್ಲಿ ಬಹಳ ಮಂದಿ ಎಂಸಿಎ ಎಂಬ ಕಂಪ್ಯೂಟರ್ ಸ್ನಾತಕೋತ್ತರ ಕೋರ್ಸು ಓದಿದವರು. ಆ ಕೋರ್ಸು ಹುಟ್ಟಿದ ಕಾರಣದಲ್ಲೇ ನಮ್ಮ ಪಾಡಿನ ಬೇರು ಇದೆ. 1980ರ ದಶಕದ ಆರಂಭದಲ್ಲಿ ದೇಶಕ್ಕೆ ತುರ್ತಾಗಿ ಬೇಕಾಗಿದ್ದವರು ಪ್ರೋಗ್ರಾಂ ಬರೆಯಬಲ್ಲವರು. ಎಂಜಿನಿಯರಿಂಗ್ ಕಾಲೇಜುಗಳಿಂದ ಅಷ್ಟು ಜನ ಬರುತ್ತಿರಲಿಲ್ಲ. ಆಗ ಕಂಪ್ಯೂಟರ್ ವಿಜ್ಞಾನಿ ಪ್ರೊ. ವಿ. ರಾಜಾರಾಮನ್ ನೇತೃತ್ವದ ಸಮಿತಿ, ಬೇರೆ ಬೇರೆ ಪದವಿ ಓದಿದವರನ್ನು ಮೂರು ವರ್ಷದಲ್ಲಿ ತಯಾರು ಮಾಡುವ ಎಂಸಿಎಗೆ ದಾರಿ ಹಾಕಿತು. ದೇಶದ ಸಾಫ್ಟ್‌ವೇರ್ ಉದ್ಯಮಕ್ಕೆ ಅದರಿಂದ ಆದ ಉಪಕಾರ ದೊಡ್ಡದು. ಆದರೆ ಅದು ಕೆಲಸಕ್ಕೆ ಕಳಿಸಲು ಕಟ್ಟಿದ ಕೋರ್ಸು. ಬಿಸಿಎ (ಕಂಪ್ಯೂಟರ್ ಪದವಿ) ತರಗತಿಗಳು ತಾಲ್ಲೂಕು ಊರುಗಳಿಗೂ ಬಂದಾಗ, ಬೆಂಗಳೂರಿಗೆ ಹೋಗದೆ ಊರಲ್ಲೇ ಉಳಿದ ನಾವು ಸೀಮೆಸುಣ್ಣ ಹಿಡಿದೆವು. ಒಂದು ಪ್ರಶ್ನೆಯನ್ನು ಹೊಸದಾಗಿ ಕೇಳುವುದು ಹೇಗೆ, ಉತ್ತರವನ್ನು ಪರೀಕ್ಷೆಗೆ ಒಡ್ಡುವುದು ಹೇಗೆ ಎಂಬುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಅದನ್ನು ಈ ವಯಸ್ಸಿನಲ್ಲಿ ಕಲಿಯಬಹುದೇ ಎಂದಾಗ ನನಗೆ ಸದಾ ನೆನಪಾಗುವವರು ಮೇರಿ ಕೆನೆತ್ ಕೆಲ್ಲರ್. ಅಮೆರಿಕದ ಕ್ರೈಸ್ತ ಸನ್ಯಾಸಿನಿ, ವೃತ್ತಿಯಿಂದ ಶಿಕ್ಷಕಿ. 1965ರ ಜೂನ್‌ನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರಿಗೆ ಕಂಪ್ಯೂಟರ್ ವಿಜ್ಞಾನದ ಪಿಎಚ್‌.ಡಿ. ನೀಡಿತು, ಆ ದೇಶದಲ್ಲಿ ಈ ವಿಷಯದಲ್ಲಿ ಸಂದ ಮೊದಲ ಎರಡು ಡಾಕ್ಟರೇಟ್‌ಗಳಲ್ಲಿ ಅದೊಂದು. ಆಗ ಅವರ ವಯಸ್ಸು 51. ಪದವಿ ಹಿಡಿದು ಅವರು ಹೋದದ್ದು ದೊಡ್ಡ ಪ್ರಯೋಗಾಲಯಕ್ಕಲ್ಲ, ಡುಬ್ಯೂಕ್ ಎಂಬ ಪುಟ್ಟ ಪಟ್ಟಣದ ಕ್ಲಾರ್ಕ್ ಕಾಲೇಜಿಗೆ. ಅಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗ ಕಟ್ಟಿ ಎರಡು ದಶಕ ಮುನ್ನಡೆಸಿದರು. ಈ ಶಾಸ್ತ್ರದ ಡಾಕ್ಟರೇಟ್ ಪರಂಪರೆಯ ಬಾಗಿಲಲ್ಲೇ ಐವತ್ತು ದಾಟಿದ ಒಬ್ಬ ಶಿಕ್ಷಕಿ ನಿಂತಿದ್ದಾರೆ ಎಂಬುದು ನನಗೆ ಧೈರ್ಯ ಕೊಟ್ಟ ಸಂಗತಿ.

ನಮ್ಮಲ್ಲಿ ಪಿಎಚ್‌.ಡಿ.ಯ ಬೆನ್ನು ಹತ್ತಿಸಿದ್ದು ಹೆಚ್ಚಾಗಿ ನಿಯಮಗಳು. 1989ರಲ್ಲಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಆರಂಭವಾಗಿ, ಮುಂದೆ ಕಾಲೇಜು ಅಧ್ಯಾಪಕರಾಗಲು ಅದೇ ಅರ್ಹತೆಯಾಯಿತು. 2009ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯಂತೆ ಪಿಎಚ್‌.ಡಿ. ಪಡೆದವರಿಗೆ ಎನ್‌ಇಟಿಯಿಂದ ವಿನಾಯಿತಿ ಸಿಕ್ಕಿತು. ಎನ್‌ಇಟಿ ದಾಟಲಾರದೆ ದಣಿದವರಿಗೆ ಅದು ಇನ್ನೊಂದು ದಾರಿಯಾಗಿ ಕಂಡಿತು. ಕಾಯಂ ಹುದ್ದೆಯಲ್ಲಿದ್ದವರ ಲೆಕ್ಕ ಬೇರೆ: ಸಹಾಯಕ ಪ್ರಾಧ್ಯಾಪಕರು ಮುಂದಿನ ವೇತನ ಹಂತ ಏರಲು ಪಿಎಚ್‌.ಡಿ. ಇದ್ದರೆ 4 ವರ್ಷ, ಎಂ.ಫಿಲ್. ಇದ್ದರೆ 5, ಎರಡೂ ಇಲ್ಲದಿದ್ದರೆ 6. 2018ರ ನಿಯಮಾವಳಿ, 2021ರ ಜುಲೈನಿಂದ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌.ಡಿ. ಕಡ್ಡಾಯ ಎಂದಿತು. ಆ ದಿನಾಂಕ 2023ರ ಜುಲೈಗೆ ಮುಂದೆ ಹೋಯಿತು. ಅದು ಬರುವ ಹೊತ್ತಿಗೆ ಕಡ್ಡಾಯವೇ ರದ್ದಾಯಿತು. ಆ ನಿಯಮ ಪದವಿ ಕಾಲೇಜುಗಳಿಗೆ ಅನ್ವಯಿಸುತ್ತಲೇ ಇರಲಿಲ್ಲ. ಆದರೂ ಆ ಐದು ವರ್ಷ ನಮ್ಮ ಸಿಬ್ಬಂದಿ ಕೊಠಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಸಾಲ ಮಾಡಿ ದೂರದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಹೆಸರು ನೋಂದಾಯಿಸಿದ ಗೆಳೆಯರನ್ನು ಬಲ್ಲೆ.

ಅತಿಥಿ ಉಪನ್ಯಾಸಕರ ಮಟ್ಟಿಗೆ ಇದು ನೇರವಾಗಿ ಮನೆಯ ದಿನಸಿಯ ಪ್ರಶ್ನೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಗೌರವಧನ ಏರಿಸಿದಾಗ, 5 ವರ್ಷಕ್ಕೂ ಹೆಚ್ಚು ಸೇವೆ ಇದ್ದು ಪಿಎಚ್‌.ಡಿ.ಯಂಥ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 32,000 ರೂಪಾಯಿ, ಇಲ್ಲದವರಿಗೆ 28,000 ಎಂದು ಗೊತ್ತು ಮಾಡಿತು. ಅದಕ್ಕೂ ಮೊದಲು 13,000 ಮತ್ತು 11,000 ಇತ್ತು. ಆಗ ನನ್ನದು 28,000ದ ಸಾಲು. ಮಗಳ ಶಾಲೆಯ ಶುಲ್ಕ ಕಟ್ಟುವ ತಿಂಗಳಲ್ಲಿ 4,000 ರೂಪಾಯಿಯ ತೂಕ ಎಷ್ಟೆಂದು ನನಗೆ ಗೊತ್ತು. ಹಣಕ್ಕಾಗಿ ಪಿಎಚ್‌.ಡಿ. ಮಾಡುವುದು ಹೀನ ಎಂದು ಭಾಷಣ ಮಾಡುವವರ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ.

ನನ್ನ ತಕರಾರು ಬೇರೆ. ಪ್ರಬಂಧ ಸಲ್ಲಿಸುವ ಮುನ್ನ ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಸಮ್ಮೇಳನಗಳಲ್ಲಿ ಮಂಡನೆಯಾಗಿರಬೇಕು ಎಂದು 2016ರ ನಿಯಮ ಹೇಳಿದ ಮೇಲೆ, ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಅಷ್ಟರಲ್ಲಿ ‘ಯಾವ ವಿಷಯ ಬೇಗ ಮುಗಿಯುತ್ತದೆ?’ ಎಂಬುದೇ ನಮ್ಮ ನಡುವೆ ಸಂಶೋಧನೆಯ ಮೊದಲ ಪ್ರಶ್ನೆಯಾಗಿಬಿಟ್ಟಿತ್ತು.

ದೂರವೂ ಒಂದು ಅಡ್ಡಿಯಾಗಿತ್ತು. ದಶಕಗಳ ಕಾಲ ಈ ಮೂರೂ ಜಿಲ್ಲೆಗೆ ಇದ್ದದ್ದು 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯ. ಬಳ್ಳಾರಿಗೆ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು. ರಾಯಚೂರು, ಕೊಪ್ಪಳಗಳಿಗೆ ಸ್ವಂತ ವಿಶ್ವವಿದ್ಯಾಲಯ ಸಿಕ್ಕಿದ್ದು ಈಚಿನ ವರ್ಷಗಳಲ್ಲಿ. ರಾಯಚೂರಿನ ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) 2019ರಲ್ಲಿ ಶುರುವಾದಾಗ ತರಗತಿಗಳು ನಡೆದದ್ದು ಹೈದರಾಬಾದ್ ಐಐಟಿಯ ಆವರಣದಲ್ಲಿ. ಈಗ ಕಟ್ಟಡ ಹತ್ತಿರವಾಗಿದೆ, ಮಾರ್ಗದರ್ಶಕರು ಆಗಿಲ್ಲ. ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ 8 ಮಂದಿಗೆ, ಸಹ ಪ್ರಾಧ್ಯಾಪಕರು 6 ಮಂದಿಗೆ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಕಾಯಂ ಹುದ್ದೆಗಳೇ ಖಾಲಿ ಬಿದ್ದಲ್ಲಿ ಆ ಸೀಟುಗಳು ಬರುವುದೆಲ್ಲಿಂದ? ನಾನು ಎರಡು ವರ್ಷ ಕಾದೆ.

ಕೈಬಿಡದೆ ಕಾಯುವಂತೆ ಮಾಡಿದ್ದು ಒಬ್ಬ ವಿದ್ಯಾರ್ಥಿನಿ. ಮಸ್ಕಿ ಕಡೆಯ ಹಳ್ಳಿಯವಳು, ಬಿಸಿಎ ಕೊನೆಯ ವರ್ಷ. ಅವಳ ತಾಯಿಗೆ ಓದು ಬರಹ ಬಾರದು. ಬೆಂಗಳೂರಿನಲ್ಲಿರುವ ಮಗನಿಗೆ ಸಂದೇಶ ಕಳಿಸಲು ಮೊಬೈಲ್‌ಗೆ ಮಾತಾಡುತ್ತಾರೆ. ‘ಹತ್ತಿ’ ಎಂದರೆ ಅದು ‘ಹತ್ತು’ ಎಂದು ಬರೆಯುತ್ತದೆ. ‘ಸರ್, ನಾನು ಪುಸ್ತಕದ ಹಾಗೆ ಮಾತಾಡಿದರೆ ಅದಕ್ಕೆ ತಿಳಿಯುತ್ತದೆ, ಅವ್ವನ ಮಾತು ಯಾಕೆ ತಿಳಿಯುವುದಿಲ್ಲ?’ ಎಂದು ಅವಳು ಕೇಳಿದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಯಂತ್ರ ಮಾತು ಕಲಿಯುವುದು ಜೋಡಿಗಳಿಂದ: ಧ್ವನಿಮುದ್ರಿಕೆ ಒಂದು, ಅದರ ಬರಹರೂಪ ಒಂದು. ಯಾವ ಸೀಮೆಯ ದನಿ ಹೆಚ್ಚು ಕೇಳಿದೆಯೋ ಆ ಸೀಮೆಯದನ್ನು ಚೆನ್ನಾಗಿ ಗುರುತಿಸುತ್ತದೆ. ತೆಲುಗು, ಉರ್ದು ಬೆರೆತು ಬೆಳೆದ, ಕ್ರಿಯಾಪದಗಳ ಕೊನೆಯೇ ಬೇರೆಯಾದ ನಮ್ಮ ಮಾತು ಆ ರಾಶಿಯಲ್ಲಿ ಸಾಲದಷ್ಟು ಇದ್ದರೆ ಅದು ತಡವರಿಸದೆ ಇನ್ನೇನು ಮಾಡೀತು? ತಪ್ಪನ್ನು ಅಳೆಯುವ ಕ್ರಮವೂ ಇದೆ. ಹತ್ತು ಪದದ ವಾಕ್ಯದಲ್ಲಿ ಎರಡು ತಪ್ಪಾಗಿ, ಒಂದು ಬಿಟ್ಟುಹೋಗಿ, ಒಂದು ಹೆಚ್ಚಿಗೆ ಸೇರಿದರೆ ದೋಷ ಶೇ 40. ಇದೇ ಅಳತೆಯಲ್ಲಿ ನಮ್ಮ ತಾಯಂದಿರ ಮಾತನ್ನು ಅಳೆದು, ಯಾವ ಸೀಮೆಯ ಎಷ್ಟು ಗಂಟೆಯ ಮಾತು ಸೇರಿಸಿದರೆ ದೋಷ ಎಷ್ಟು ಇಳಿಯುತ್ತದೆ ಎಂದು ಕಂಡುಕೊಳ್ಳುವುದೇ ನನ್ನ ಸಂಶೋಧನೆ. ಇದಕ್ಕೆ ಮಾರ್ಗದರ್ಶಕರು ಬೇಕು, ಪ್ರಶ್ನೆ ಕೇಳುವ ಸಮಿತಿ ಬೇಕು, ವರ್ಷಗಳ ಶಿಸ್ತು ಬೇಕು. ಪಿಎಚ್‌.ಡಿ. ಬಿಟ್ಟರೆ ಇವೆಲ್ಲ ಒಟ್ಟಿಗೆ ಸಿಗುವ ಜಾಗ ನನಗೆ ಕಾಣಲಿಲ್ಲ.

ಪ್ರವೇಶ ಸಿಕ್ಕ ಮರುವಾರ ಆ ಹಳ್ಳಿಗೆ ಹೋದೆ. ಫ್ಯಾನ್ ಆರಿಸಿ, ಕುರಿಗಳನ್ನು ಹಿತ್ತಲಿಗೆ ಅಟ್ಟಿ, ಆ ತಾಯಿಯ ಒಪ್ಪಿಗೆ ಪಡೆದು ಮಾತು ಮುದ್ರಿಸಿಕೊಂಡೆವು. ಬರೆದಿಡಲು ಕುಳಿತಾಗ ಮಗಳು ಅವ್ವನ ಪ್ರತಿ ಮಾತನ್ನೂ ಪುಸ್ತಕದ ಕನ್ನಡಕ್ಕೆ ತಿದ್ದುತ್ತಿದ್ದಳು. ‘ಆಡಿದ್ದನ್ನು ಹಾಗೆಯೇ ಬರೆಯಮ್ಮ’ ಎಂದೆ. ‘ಹಾಗೆ ಬರೆದರೆ ತಪ್ಪಲ್ಲವೇ ಸರ್?’ ಎಂದಳು. ಬಹಳ ಹೊತ್ತು ಚರ್ಚಿಸಿ, ಕೊನೆಗೆ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದೆವು: ಎಡಕ್ಕೆ ಅವ್ವ ಆಡಿದ್ದು, ಬಲಕ್ಕೆ ಪುಸ್ತಕದ್ದು. ಕತ್ತಲಾಗುವ ಹೊತ್ತಿಗೆ ಎಡಗಡೆ 22 ನಿಮಿಷದ ಮಾತು ತುಂಬಿತ್ತು.