ವೆಂಟಿಲೇಟರ್ ಬೇಡವೆಂದರೆ ಪಾಪವಾಗುತ್ತದೆಯೇ?

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಉಪಶಾಮಕ ಚಿಕಿತ್ಸೆಯ, ಅಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಆರೈಕೆಯ, ವೈದ್ಯನಾಗಿ ಕೆಲಸ ಮಾಡುವ ನನಗೆ, ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಜಪಮಾಲೆ ಹಿಡಿದು ಕುಳಿತ ಕುಟುಂಬಗಳಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. “ಡಾಕ್ಟ್ರೇ, ನಾವು ಕ್ರೈಸ್ತರು. ಅಮ್ಮನಿಗೆ ವೆಂಟಿಲೇಟರ್ ಬೇಡವೆಂದು ಸಹಿ ಹಾಕಿದರೆ ನಮಗೆ ಪಾಪ ಬರುವುದಿಲ್ಲವೇ?” ಕೇಳುವವರು ಉತ್ತರವನ್ನು ಆಗಲೇ ಅರ್ಧ ತೀರ್ಮಾನಿಸಿಕೊಂಡಿರುತ್ತಾರೆ; ಜೀವ ಕೊಟ್ಟವನು ದೇವರಾದ್ದರಿಂದ ಲಭ್ಯವಿರುವ ಪ್ರತಿಯೊಂದು ಯಂತ್ರವನ್ನೂ ಕೊನೆಯ ಗಳಿಗೆಯವರೆಗೆ ಬಳಸುವುದೇ ವಿಶ್ವಾಸಿಯ ಕರ್ತವ್ಯವೆಂದು ಅವರು ನಂಬಿರುತ್ತಾರೆ. ಕಥೋಲಿಕ ಧರ್ಮಸಭೆ ಹಾಗೆ ಹೇಳಿಲ್ಲ ಎಂದು ತಿಳಿಸಿದಾಗ ಕೆಲವರಿಗೆ ನೆಮ್ಮದಿಯಾಗುತ್ತದೆ, ಕೆಲವರಿಗೆ ನನ್ನ ಮೇಲೇ ಅನುಮಾನ ಹುಟ್ಟುತ್ತದೆ.

1957ರ ನವೆಂಬರ್ 24ರಂದು ಪೋಪ್ ಹನ್ನೆರಡನೇ ಪಯಸ್ ಅವರು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡಿದಾಗ ಇದೇ ಪ್ರಶ್ನೆ ಅವರ ಮುಂದಿತ್ತು. ಕೃತಕ ಉಸಿರಾಟದ ಯಂತ್ರಗಳು ಆಗಷ್ಟೇ ಬಳಕೆಗೆ ಬರುತ್ತಿದ್ದ ಕಾಲವದು. ಜೀವವನ್ನು ಕಾಪಾಡಿಕೊಳ್ಳಲು ಮನುಷ್ಯ ಸಾಧಾರಣ ಉಪಾಯಗಳನ್ನು ಬಳಸಲೇಬೇಕು, ಆದರೆ ತನಗಾಗಲಿ ಇತರರಿಗಾಗಲಿ ವಿಪರೀತ ಹೊರೆಯಾಗುವ ಅಸಾಧಾರಣ ಉಪಾಯಗಳಿಗೆ ಅವನು ಬದ್ಧನಲ್ಲ ಎಂಬುದು ಅವರು ಕೊಟ್ಟ ಉತ್ತರ. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2278ನೇ ಪರಿಚ್ಛೇದವೂ ಇದನ್ನೇ ಹೇಳುತ್ತದೆ: ನಿರೀಕ್ಷಿತ ಫಲಕ್ಕೆ ಹೋಲಿಸಿದರೆ ಮಿತಿಮೀರಿದ ಚಿಕಿತ್ಸೆಯನ್ನು ನಿಲ್ಲಿಸುವುದು ನ್ಯಾಯಸಮ್ಮತವಾಗಬಹುದು, ಅಲ್ಲಿ ಸಾವನ್ನು ತಂದೊಡ್ಡುವ ಇಚ್ಛೆಯಿಲ್ಲ, ಅದನ್ನು ತಡೆಯಲು ನಮ್ಮಿಂದ ಆಗದು ಎಂಬ ಒಪ್ಪಿಗೆಯಷ್ಟೇ ಇದೆ. ಸಾಯಿಸುವ ಉದ್ದೇಶದಿಂದ ಚುಚ್ಚುಮದ್ದು ಕೊಡುವ ದಯಾಮರಣಕ್ಕೂ ಇದಕ್ಕೂ ಇರುವ ಅಂತರ ಇದು, ಮತ್ತು ದಯಾಮರಣವನ್ನು ಧರ್ಮಸಭೆ ಸ್ಪಷ್ಟವಾಗಿ ತಿರಸ್ಕರಿಸುತ್ತದೆ.

ಕಷ್ಟ ಆರಂಭವಾಗುವುದು ಇದರ ನಂತರ, ಏಕೆಂದರೆ ಯಾವ ಯಂತ್ರ ಸಾಧಾರಣ, ಯಾವುದು ಅಸಾಧಾರಣ ಎಂಬ ಪಟ್ಟಿ ಎಲ್ಲಿಯೂ ಇಲ್ಲ. ನ್ಯುಮೋನಿಯಾದಿಂದ ಬಂದ ನಲವತ್ತರ ಪ್ರಾಯದ ಮೀನುಗಾರನಿಗೆ ವೆಂಟಿಲೇಟರ್ ಎಂದರೆ ಶ್ವಾಸಕೋಶ ಚೇತರಿಸಿಕೊಳ್ಳುವವರೆಗಿನ ಆಸರೆ, ಅದನ್ನು ಬೇಡವೆನ್ನುವುದು ನನ್ನ ಮಟ್ಟಿಗೆ ತಪ್ಪು. ಯಕೃತ್ತಿಗೂ ಮೂಳೆಗಳಿಗೂ ಕ್ಯಾನ್ಸರ್ ಹರಡಿರುವ ಎಂಬತ್ತರ ಅಜ್ಜಿಗೆ ಅದೇ ಯಂತ್ರ ಗಂಟಲಲ್ಲೊಂದು ಕೊಳವೆ, ಕೈಗಳಿಗೆ ಕಟ್ಟು ಮತ್ತು ಮಕ್ಕಳೊಡನೆ ಮಾತನಾಡಲಾಗದ ಕೊನೆಯ ವಾರ. ಆದ್ದರಿಂದ ಅಳೆಯಬೇಕಾದದ್ದು ಯಂತ್ರವನ್ನಲ್ಲ. ಅದರಿಂದ ಈ ರೋಗಿಗೆ ಆಗುವ ಒಳಿತನ್ನು ಮತ್ತು ಅವರು ಹೊರಬೇಕಾದ ಭಾರವನ್ನು.

ಆ ಭಾರದಲ್ಲಿ ಹಣವೂ ಸೇರುತ್ತದೆ. ಇದನ್ನು ಹೇಳಲು ನಮ್ಮ ಕುಟುಂಬಗಳು ನಾಚುತ್ತವೆ. ಅಡಿಕೆ ತೋಟ ಅಡವಿಟ್ಟವರು ಕೂಡ ಖರ್ಚಿನ ಮಾತೆತ್ತಿದರೆ ಅಮ್ಮನಿಗೆ ಬೆಲೆ ಕಟ್ಟಿದಂತಾಗುತ್ತದೆ ಎಂದು ಹೆದರುತ್ತಾರೆ. ಆದರೆ 1980ರಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆಯು, ಕುಟುಂಬದ ಮೇಲೆ ಅತಿಯಾದ ಖರ್ಚನ್ನು ಹೇರಲು ಬಯಸದೆ ರೋಗಿ ಇಂತಹ ಚಿಕಿತ್ಸೆಯನ್ನು ನಿರಾಕರಿಸಿದರೆ ಅದು ಆತ್ಮಹತ್ಯೆಯಾಗದು ಎಂದು ತಿಳಿಸಿದೆ. ಆರಂಭಿಸಿದ ಚಿಕಿತ್ಸೆಯ ಫಲ ನಿರೀಕ್ಷೆಗಿಂತ ಕಡಿಮೆಯಾದರೆ ರೋಗಿಯ ಒಪ್ಪಿಗೆಯಿಂದ ನಿಲ್ಲಿಸಬಹುದೆಂದೂ ಅದರಲ್ಲಿದೆ. ಸಂಶಯವಿರುವ ಕಡೆ ನಾನು ಈ ದಾರಿಯನ್ನೇ ಹಿಡಿಯುತ್ತೇನೆ: ಮೂರು ದಿನ ಯಂತ್ರ ಹಾಕೋಣ, ಏನು ಸುಧಾರಿಸಬೇಕೆಂದು ಈಗಲೇ ಬರೆದುಕೊಳ್ಳೋಣ, ಸುಧಾರಿಸದಿದ್ದರೆ ಮತ್ತೆ ಕುಳಿತು ಮಾತನಾಡೋಣ.

ಯಂತ್ರ ನಿಂತರೂ ಆರೈಕೆ ನಿಲ್ಲಬಾರದು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬಾಯಿ ಒದ್ದೆ ಮಾಡುವುದು ಮತ್ತು ದೇಹ ಸ್ವೀಕರಿಸುವಷ್ಟು ಕಾಲ ಆಹಾರ, ನೀರು ಕೊಡುವುದು ಸಾಧಾರಣ ಆರೈಕೆಯಾಗಿಯೇ ಉಳಿಯುತ್ತವೆ. ನೋವಿಗೆ ಮಾರ್ಫಿನ್ ಕೊಡಲು ಹೊರಟಾಗ, ಕ್ರಿಸ್ತರು ಶಿಲುಬೆಯಲ್ಲಿ ನೋವುಂಡರಲ್ಲವೇ ಎಂದು ಕೇಳಿದವರಿದ್ದಾರೆ. ತಾನಾಗಿ ನೋವನ್ನು ಅರ್ಪಿಸುವ ಸ್ವಾತಂತ್ರ್ಯ ರೋಗಿಗಿದೆ. ಆದರೆ ಅದನ್ನು ಅವರ ಪರವಾಗಿ ಆರಿಸುವ ಹಕ್ಕು ಪಕ್ಕದಲ್ಲಿ ನಿಂತವರಿಗಿಲ್ಲ. ಅದೇ ಧರ್ಮೋಪದೇಶ ಗ್ರಂಥ ನೋವು ನಿವಾರಕಗಳಿಗೆ ಅನುಮತಿ ನೀಡಿ, ಉಪಶಾಮಕ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ವಿಶೇಷ ರೂಪವೆಂದು ಕರೆದಿದೆ.

ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಹಿರಿಯ ಮಗ ಕುವೈತಿನಲ್ಲೋ ದುಬೈಯಲ್ಲೋ ಇರುತ್ತಾನೆ, ರಜೆ ಮಂಜೂರಾಗಿರುವುದಿಲ್ಲ, “ನಾನು ಬರುವ ತನಕ ಏನೂ ತೆಗೆಯಬೇಡಿ” ಎನ್ನುತ್ತಾನೆ. ರೋಗಿ ಸಂಕಟಪಡದಂತೆ ನೋಡಿಕೊಂಡು ಒಂದೆರಡು ದಿನ ಕಾಯುವುದು ತಪ್ಪೆಂದು ನಾನು ಭಾವಿಸುವುದಿಲ್ಲ. ಆದರೆ ಆ ಎರಡು ದಿನ ಮಗನಿಗಾಗಿಯೇ ಹೊರತು ತಾಯಿಯ ಚಿಕಿತ್ಸೆಗಾಗಿ ಅಲ್ಲವೆಂದು ಎಲ್ಲರೂ ಬಾಯಿ ಬಿಟ್ಟು ಒಪ್ಪಿಕೊಳ್ಳಬೇಕು. ಇಲ್ಲವಾದರೆ ಎರಡು ದಿನ ಎರಡು ವಾರವಾಗುತ್ತದೆ.

ಕಾನೂನಿನ ಮಾತು ಚಿಕ್ಕದು. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಮುಂಗಡ ಇಚ್ಛಾಪತ್ರಕ್ಕೆ, ಅಂದರೆ ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರಕ್ಕೆ, ಮಾನ್ಯತೆ ನೀಡಿತು. 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿದ್ದರಿಂದ ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಮೊದಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ ಇದರ ಜಾರಿಗಾಗಿ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ.

ಪತ್ರ ಬರೆಯುವುದಕ್ಕಿಂತ ಮಾತನಾಡುವುದು ಮೊದಲು ಆಗಬೇಕು, ಅದೂ ರೋಗಿ ಎಚ್ಚರವಿರುವಾಗಲೇ. ಧರ್ಮಗುರುಗಳು ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗ ಸಂಸ್ಕಾರಕ್ಕೂ ಇದೇ ಮಾತು ಸಲ್ಲುತ್ತದೆ. ಅದು ಸಾಯುವವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆಯಿಂದ ಪ್ರಜ್ಞೆ ತಪ್ಪಿದ ಮೇಲಷ್ಟೇ ಧರ್ಮಗುರುಗಳನ್ನು ಕರೆಸುವವರು ಹೆಚ್ಚು. ಕಾಪು ಕಡೆಯ ವೃದ್ಧೆಯೊಬ್ಬರು ಹಾಗೆ ಮಾಡಲಿಲ್ಲ. ಮೂತ್ರಪಿಂಡಗಳು ಸೋಲುತ್ತಿವೆ ಎಂದು ತಿಳಿದ ವಾರವೇ ಧರ್ಮಗುರುಗಳನ್ನು ಮನೆಗೆ ಕರೆಸಿ ಅಭ್ಯಂಗ ಪಡೆದು, ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರಿಕಾರರ ಎದುರಿನಲ್ಲೇ ವಿದೇಶದಲ್ಲಿದ್ದ ಮಗನಿಗೆ ಫೋನ್ ಹಚ್ಚಿಸಿದರು. “ಡಯಾಲಿಸಿಸ್ ಬೇಡ ಅಂತ ನಾನೇ ಹೇಳಿದ್ದು ಮಗಾ. ನಾಳೆ ನಿನ್ನ ತಂಗಿಯನ್ನು ಬಯ್ಯಬೇಡ” ಎಂದರು. ಮಗ ತುಸು ಹೊತ್ತು ಸುಮ್ಮನಿದ್ದು, ಕ್ರಿಸ್ಮಸ್ಸಿಗೆ ಬರುವುದಾಗಿ ಮಾಡಿಸಿದ್ದ ಟಿಕೆಟನ್ನು ಮುಂದಿನ ಶುಕ್ರವಾರಕ್ಕೆ ಬದಲಾಯಿಸುತ್ತೇನೆ ಎಂದ.